ಒಂದೇ ಪದ, ಹಲವು ಹೊರೆ: ‘ಚಾರ್ಜ್’



ಇಂಗ್ಲಿಷ್ ಅಂದರೆ ನಮಗೆಲ್ಲ ಹೆದರಿಕೆ. ಆದರೆ ‘ಚಾರ್ಜ್’ ಎಂಬ ಇಂಗ್ಲಿಷ್ ಪದವನ್ನು ನಮ್ಮೂರಿನಲ್ಲಿ ಓದು ಬಾರದ ಅಜ್ಜಿಯರೂ ದಿನಾ ಆಡ್ತಾರೆ. ಇದರ ಬೇರು ಲ್ಯಾಟಿನ್ ಭಾಷೆಯ ‘ಕಾರ್ರುಸ್’. ಹಾಗೆಂದರೆ ಗಾಡಿ. ಅದರಿಂದ ‘ಗಾಡಿಗೆ ಹೊರೆ ಹೇರುವುದು’ ಎಂಬ ಅರ್ಥ ಬಂದು, ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಸೇರಿತು. ‘ಹೊರೆ’ ಎಂಬುದನ್ನು ನೆನಪಿಟ್ಟುಕೊಂಡರೆ ಮಿಕ್ಕ ಅರ್ಥಗಳು ಸುಲಭ.

1. ಹಣದ ಹೊರೆ: ಬಸ್ ಚಾರ್ಜ್. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಈ ಹೊರೆ ಇಳಿಯಿತು. ‘ಫ್ರೀ ಆಫ್ ಚಾರ್ಜ್’ ಅಂದರೆ ಪುಕ್ಕಟೆ.

2. ವಿದ್ಯುತ್ತಿನ ಹೊರೆ: ಮೊಬೈಲಿಗೂ ಟಾರ್ಚಿಗೂ ಚಾರ್ಜ್ ಹಾಕ್ತೀವಿ. ಅಂದರೆ ಬ್ಯಾಟರಿಗೆ ಶಕ್ತಿ ತುಂಬುತ್ತೇವೆ.

3. ಕೆಲಸದ ಹೊರೆ: ಹೊಸ ಹೆಡ್ ಮೇಷ್ಟ್ರು ಚಾರ್ಜ್ ತಗೊಂಡ್ರು ಅಂತೀವಿ. ಅವರು ರಜೆ ಹಾಕಿದರೆ ಇನ್ನೊಬ್ಬರು ಇನ್‌ಚಾರ್ಜ್.

4. ಆರೋಪದ ಹೊರೆ: ಚಾರ್ಜ್‌ಶೀಟ್. ಕನ್ನಡದಲ್ಲಿ ಆರೋಪಪಟ್ಟಿ. ಪೊಲೀಸರು ತನಿಖೆ ಮಾಡಿ ಇದನ್ನು ಕೋರ್ಟಿಗೆ ಕೊಡುತ್ತಾರೆ.

ಲಾಠಿ ಚಾರ್ಜ್ ಎಂಬಲ್ಲಿ ಮಾತ್ರ ‘ಮೇಲೆ ನುಗ್ಗುವುದು’ ಎಂದು ಅರ್ಥ ಮಾಡಿಕೊಳ್ಳಬೇಕು.

ನಾಲ್ಕನೆಯ ಅರ್ಥವನ್ನು ಎಲ್ಲರೂ ಚೆನ್ನಾಗಿ ಗಮನಿಸಬೇಕು. ನಮ್ಮ ಬೀದಿಯ ಅಂಗಡಿಯವರೊಬ್ಬರ ಮೇಲೆ ಚಾರ್ಜ್‌ಶೀಟ್ ಹಾಕಿದ್ದರು. ಜನ ಅವರೇ ಕಳ್ಳ ಅಂತ ತೀರ್ಮಾನ ಮಾಡಿಬಿಟ್ಟರು. ಅವರ ಮಗನ ಜೊತೆ ಆಟಕ್ಕೂ ಯಾರೂ ಸೇರಲಿಲ್ಲ. ಆಮೇಲೆ ಕೋರ್ಟು ಅವರದು ತಪ್ಪಿಲ್ಲ ಅಂತ ಬಿಟ್ಟಿತು. ಆದರೆ ಕೆಲವು ಗಿರಾಕಿಗಳು ಇವತ್ತಿಗೂ ಅವರ ಅಂಗಡಿ ಮೆಟ್ಟಿಲು ಹತ್ತಿಲ್ಲ. ಚಾರ್ಜ್ ಅಂದರೆ ಹೊರಿಸಿದ್ದು ಅಷ್ಟೆ, ರುಜುವಾತಾದದ್ದಲ್ಲ. ತಪ್ಪು ಮಾಡಿದ್ದಾರೋ ಇಲ್ಲವೋ ಎಂಬುದನ್ನು ಹೇಳಬೇಕಾದ್ದು ಕೋರ್ಟು. ಈ ಒಂದು ಪದದ ಅರ್ಥ ಊರಿಗೆ ಗೊತ್ತಿದ್ದಿದ್ದರೆ ಒಂದು ಮನೆಯವರು ಅಷ್ಟು ನೋಯುತ್ತಿರಲಿಲ್ಲ.

ಈಗ ಇದರ ವಿರುದ್ಧ ಪದ ನೋಡಿ: ‘ಡಿಸ್ಚಾರ್ಜ್’. ಅಂದರೆ ಹೊರೆ ಇಳಿಸುವುದು. ವಾಸಿಯಾದವರನ್ನು ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡ್ತಾರೆ. ಬ್ಯಾಟರಿ ಖಾಲಿಯಾದರೂ ಡಿಸ್ಚಾರ್ಜ್. ವಿಚಾರಣೆ ನಡೆಸಲು ಸಾಕಷ್ಟು ಆಧಾರವಿಲ್ಲದಿದ್ದರೆ ಕೋರ್ಟು ಕೂಡ ಆರೋಪಿಯನ್ನು ಡಿಸ್ಚಾರ್ಜ್ ಮಾಡಬಹುದು.

ವ್ಯಾಕರಣ: ‘ಚಾರ್ಜ್’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ‘ಹೌ ಮಚ್ ಡು ಯೂ ಚಾರ್ಜ್?’ ಅಂದರೆ ‘ನೀವು ಎಷ್ಟು ತಗೋತೀರಿ?’. ಇಲ್ಲಿ ಅದು ಕ್ರಿಯಾಪದ.

ಮನೆಯಲ್ಲಿ ಮಾಡಿ: ನಾಳೆ ಒಂದು ದಿನ ‘ಚಾರ್ಜ್’ ಎಂಬ ಪದ ಎಷ್ಟು ಸಲ ಕಿವಿಗೆ ಬಿತ್ತು ಎಂದು ಬರೆದಿಡಿ. ಪ್ರತಿಯೊಂದರ ಪಕ್ಕದಲ್ಲಿ ಅದು ಯಾವ ಹೊರೆ ಎಂದೂ ಬರೆಯಿರಿ.