ಯೋಜನೆಯ ಲೆಕ್ಕವೂ ಹೊರಗಿನ ದತ್ತಕೋಶವೂ

ದೊಡ್ಡ ಕಾರ್ಯವೊಂದು ಸುಸೂತ್ರವಾಗಿ ನೆರವೇರಬೇಕಾದರೆ ಯಾವ ಕೆಲಸ ಮೊದಲು, ಯಾವುದು ಅನಂತರ, ಪ್ರತಿಯೊಂದಕ್ಕೂ ಎಷ್ಟು ದಿನ ಎಂಬ ಲೆಕ್ಕ ಮೊದಲೇ ಸಿದ್ಧವಾಗಿರಬೇಕು. ಈ ಲೆಕ್ಕಕ್ಕೆ ಶಾಸ್ತ್ರೀಯ ರೂಪ ದೊರೆತುದು 1957-58ರಲ್ಲಿ, ಅಮೆರಿಕದ ಡುಪಾಂಟ್ ಸಂಸ್ಥೆಯಲ್ಲಿಯೂ ಅಲ್ಲಿನ ನೌಕಾದಳದ ಪೊಲಾರಿಸ್ ಕ್ಷಿಪಣಿ ಯೋಜನೆಯಲ್ಲಿಯೂ. ಇಂದು ಇಂಥ ಲೆಕ್ಕವನ್ನು ಅನೇಕರು ಏಕಕಾಲದಲ್ಲಿ ಬಳಸುವಂತೆ ಸರ್ವರ್ ಎಂಬ ಕೇಂದ್ರ ಗಣಕಯಂತ್ರದಲ್ಲಿ ಇರಿಸುವರು. ಅದನ್ನು ಹೊರಗಿನ ದತ್ತಕೋಶದ, ಅಂದರೆ ಡೇಟಾಬೇಸಿನ, ನೆರವಿನಿಂದ ನಿರ್ವಹಿಸುವ ಬಗೆ ಎಂತು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೈಕ್ರೋಸಾಫ್ಟ್ ಸಂಸ್ಥೆಯ ಪ್ರಾಜೆಕ್ಟ್ ಸರ್ವರನ್ನು ಉದಾಹರಣೆಯಾಗಿ ಕೊಳ್ಳಬಹುದು. ಅದರ 2007 ಹಾಗೂ 2010ರ ಆವೃತ್ತಿಗಳಲ್ಲಿ ನಾಲ್ಕು ದತ್ತಕೋಶಗಳಿದ್ದವು: ಕರಡು, ಪ್ರಕಟಿತ, ಹಳೆಯ ಪ್ರತಿಗಳದು ಮತ್ತು ವರದಿಯದು. 2013ರ ಆವೃತ್ತಿಯಲ್ಲಿ ಇವು ಒಂದೇ ಕೋಶದ ಬೇರೆ ಬೇರೆ ವಿಭಾಗಗಳಾದವು. ಹೊರಗಿನವರು ನೇರವಾಗಿ ಓದಬಹುದಾದುದು ವರದಿಯ ವಿಭಾಗವನ್ನು ಮಾತ್ರ. ಬದಲಾವಣೆಗಳನ್ನು ಸರ್ವರ್ ಒದಗಿಸುವ ಸೇವಾದ್ವಾರದ ಮೂಲಕವೇ ಮಾಡತಕ್ಕದ್ದು.

ಈ ನಿರ್ಬಂಧವೇತಕ್ಕೆ? ಕಟ್ಟಡವೊಂದರ ತಳಪಾಯಕ್ಕೆ 10 ದಿನ, ಗೋಡೆಗೆ 15, ಚಾವಣಿಗೆ 12, ಒಟ್ಟು 37 ದಿನವೆನ್ನೋಣ. ತಳಪಾಯಕ್ಕೆ 14 ದಿನ ಬೇಕಾದರೆ ಮುಂದಿನ ಕೆಲಸಗಳೆಲ್ಲ 4 ದಿನ ಸರಿದು ಒಟ್ಟು 41 ಆಗಬೇಕು. ಹೀಗೆ ಸರಿಸುವ ಕಾರ್ಯ ಲೆಕ್ಕ ಕಟ್ಟುವ ತಂತ್ರಾಂಶದ್ದೇ ಹೊರತು ಕೋಷ್ಟಕದ್ದಲ್ಲ. ಕೋಷ್ಟಕದೊಳಗೆ ಕೈಹಾಕಿ 10ನ್ನು ತಿದ್ದಿ 14 ಎಂದು ಬರೆದರೆ ಆ ಅಂಕೆಯೊಂದು ಬದಲಾದೀತು; ಗೋಡೆಯ ಆರಂಭದ ದಿನ ಇದ್ದಲ್ಲಿಯೇ ಉಳಿದೀತು. ಹೊರನೋಟಕ್ಕೆ ದೋಷ ಕಾಣದು. ಆದರೆ ಆ ಲೆಕ್ಕವನ್ನು ನಂಬಿ ಗಾರೆಯವರನ್ನು ಕರೆಸಿದವನು ಮೋಸಹೋಗುವನು.

ಹಾಗಾದರೆ ಹೊರಗಿನ ದತ್ತಕೋಶದ ಉಪಯೋಗವೇನು? ಸಿಮೆಂಟು ಕೊಂಡ ಲೆಕ್ಕ, ಸಂಬಳದ ಪಟ್ಟಿ ಮೊದಲಾದವು ಬೇರೆಡೆ ಇರುತ್ತವೆ. ಅವನ್ನೂ ಸರ್ವರಿನ ವರದಿಯನ್ನೂ ಒಂದೆಡೆ ಜೋಡಿಸಿದಾಗ ಮುಗಿದ ಕೆಲಸಕ್ಕೂ ವ್ಯಯವಾದ ಹಣಕ್ಕೂ ತಾಳೆ ನೋಡಬಹುದು. ಇಲ್ಲಿ ಮೂರು ನಿಯಮಗಳನ್ನು ಮರೆಯಲಾಗದು.

ಒಂದನೆಯದಾಗಿ, ಯೋಜನೆಯ ಹೆಸರಿನಿಂದಲ್ಲ, ಸರ್ವರ್ ಕೊಟ್ಟ ಗುರುತು ಸಂಖ್ಯೆಯಿಂದ ಜೋಡಿಸಬೇಕು; ಹೆಸರು ಬದಲಾಗಬಹುದು, ಸಂಖ್ಯೆ ಬದಲಾಗದು. ಎರಡನೆಯದಾಗಿ, ಪ್ರತಿಯೊಂದು ಅಂಶಕ್ಕೂ ಮೂಲಸ್ಥಾನ ಒಂದೇ ಇರಬೇಕು. ದಿನಾಂಕವು ಸರ್ವರಿನದು, ಹಣವು ಲೆಕ್ಕಪತ್ರದ್ದು. ಮೂರನೆಯದಾಗಿ, ಪ್ರತಿ ತೆಗೆದ ದಿನ ಮತ್ತು ವೇಳೆಯನ್ನು ನಮೂದಿಸಬೇಕು. ಏಕೆಂದರೆ ಕರಡಿನಲ್ಲಿದ್ದು ಇನ್ನೂ ಪ್ರಕಟವಾಗದ ತಿದ್ದುಪಡಿ ವರದಿಯಲ್ಲಿ ಕಾಣಿಸದು.

ವಿದ್ಯಾರ್ಥಿಗಳಿಗೆ ಇದು ಅಪರಿಚಿತ ವಿಷಯವೇನಲ್ಲ. ತರಗತಿಯ ಹಾಜರಿ ಪುಸ್ತಕದಲ್ಲಿ ಗುರುತು ಹಾಕುವವರು ತರಗತಿಯ ಉಪಾಧ್ಯಾಯರೊಬ್ಬರೇ. ಕಚೇರಿಯವರು ಅದರಿಂದ ತಿಂಗಳ ಪಟ್ಟಿಯನ್ನು ಇಳಿಸಿಕೊಳ್ಳುವರು. ಪಟ್ಟಿಯಲ್ಲಿ ತಪ್ಪು ಕಂಡರೆ ಉಪಾಧ್ಯಾಯರಿಗೆ ತಿಳಿಸಿ ಮೂಲದಲ್ಲಿಯೇ ತಿದ್ದಿಸುವರಲ್ಲದೆ ಪಟ್ಟಿಯನ್ನಷ್ಟೇ ತಿದ್ದಿ ಸುಮ್ಮನಾಗುವುದಿಲ್ಲ. ಓದುವವರು ಹಲವರಿರಲಿ, ಬರೆಯುವ ದ್ವಾರ ಒಂದೇ ಇರಲಿ: ಪುಸ್ತಕಕ್ಕೆ ಸಲ್ಲುವ ಈ ಶಿಸ್ತು ಯಂತ್ರಕ್ಕೂ ಸಲ್ಲುತ್ತದೆ.