ಎಂಟು ವರ್ಷದ ಕೆಲಸ, ನಲವತ್ತು ನಿಮಿಷದ ಪ್ರಶ್ನಾವಳಿ

ಪ್ರಶ್ನೆ: ಬೆಳ್ತಂಗಡಿ ತಾಲೂಕಿನ ಒಂದು ಸಹಕಾರಿ ಸಂಘದಲ್ಲಿ ನಾನು ಮುಖ್ಯ ಕಾರ್ಯನಿರ್ವಹಣಾಧಿಕಾರಿ. ಮನೆ ಧರ್ಮಸ್ಥಳದ ಹತ್ತಿರ. ಹೊಸ ಶಾಖೆಗೆ ಮ್ಯಾನೇಜರ್ ಬೇಕಾಗಿದ್ದಾರೆ. ನಮ್ಮ ಸಿಬ್ಬಂದಿಯಲ್ಲೇ ಮೂವರು ಅರ್ಹರು. ನಿರ್ದೇಶಕರೊಬ್ಬರ ಸಲಹೆಯಂತೆ ಒಂದು ಏಜೆನ್ಸಿಯಿಂದ ಮೂವರಿಗೂ ಮೊಬೈಲಿನಲ್ಲಿ ವ್ಯಕ್ತಿತ್ವ ಪರೀಕ್ಷೆ ಮಾಡಿಸಿದೆವು. 120 ಪ್ರಶ್ನೆ, ನಲವತ್ತು ನಿಮಿಷ. ಎಂಟು ವರ್ಷದಿಂದ ಕೌಂಟರಿನಲ್ಲಿರುವ, ಸದಸ್ಯರು ಹೆಸರು ಹೇಳಿ ಕೇಳಿಕೊಂಡು ಬರುವ ಹುಡುಗಿಗೆ ‘ಅಂತರ್ಮುಖಿ, ನಾಯಕತ್ವ ಗುಣ ಕಡಿಮೆ, ಒತ್ತಡ ತಾಳಲಾರರು’ ಎಂದು ವರದಿ ಬಂದಿದೆ. ಕರೆದು ಕೇಳಿದೆ. ‘ಸರ್, ಮಂಜುನಾಥನ ಊರಿನವಳು ನಾನು, ಸುಳ್ಳು ಟಿಕ್ ಹಾಕ್ಲಿಕ್ಕೆ ಕೈ ಬರ್ಲಿಲ್ಲ’ ಎಂದಳು. ಮುಂದಿನ ವಾರ ಆಡಳಿತ ಮಂಡಳಿಯ ಸಭೆ. ವರದಿಯನ್ನು ನಂಬಲೋ, ನನ್ನ ಕಣ್ಣನ್ನು ನಂಬಲೋ?

ಉತ್ತರ: ಆತ್ಮೀಯರೇ, ಈ ವರದಿಯನ್ನು ಮುಂದಿಟ್ಟುಕೊಂಡು ಸಭೆ ತೀರ್ಮಾನ ಮಾಡಬಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗಿರುವುದು ಒಂದೇ ವಾರ.

ಆ ಹುಡುಗಿಯ ಮಾತು ಎರಡು ದಿನದಿಂದ ನನ್ನ ತಲೆಯಲ್ಲಿ ಸುತ್ತುತ್ತಿದೆ. ಇಂಥ ಪ್ರಶ್ನಾವಳಿಯ ದೊಡ್ಡ ದೌರ್ಬಲ್ಯವನ್ನು ಅವಳು ಒಂದೇ ವಾಕ್ಯದಲ್ಲಿ ಹೇಳಿದ್ದಾಳೆ. ಇದು ರಕ್ತ ಪರೀಕ್ಷೆಯಲ್ಲ. ಮನುಷ್ಯ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಕೂಡಿಸಿ ಕಳೆದು ಅಂಕ ಮಾಡಿರುತ್ತಾರೆ, ಅಷ್ಟೆ. ಮ್ಯಾನೇಜರ್ ಹುದ್ದೆ ಎದುರಿಗಿರುವಾಗ ‘ನಾನು ಧೈರ್ಯವಾಗಿ ಮುಂದಾಳತ್ವ ವಹಿಸುತ್ತೇನೆ’ ಎಂಬ ವಾಕ್ಯಕ್ಕೆ ಯಾವ ಉತ್ತರ ಬೇಕು ಎಂದು ಯಾರಿಗೆ ಗೊತ್ತಾಗುವುದಿಲ್ಲ? ಗೊತ್ತಿದ್ದೂ ತನಗೆ ಅನಿಸಿದ್ದನ್ನೇ ಗುರುತು ಮಾಡಿದವಳು ಇಲ್ಲಿ ಹಿಂದೆ ಬಿದ್ದಳು. ನಾಳೆ ಅದೇ ಕೈಗೆ ನೀವು ತಿಜೋರಿಯ ಕೀಲಿ ಕೊಡುವವರು ಎಂಬುದನ್ನು ಮಂಡಳಿಗೆ ನೆನಪಿಸಿ.

ನೀವು ಕಳಿಸಿದ ಪ್ರಶ್ನೆಗಳ ಪ್ರತಿಯನ್ನು ಓದಿದೆ. ‘ಜನಜಂಗುಳಿಯ ನಡುವೆ ಇದ್ದಾಗ ನನ್ನಲ್ಲಿ ಉತ್ಸಾಹ ತುಂಬುತ್ತದೆ’ ಎಂಬಲ್ಲಿ ಆಕೆ ‘ಒಪ್ಪುವುದಿಲ್ಲ’ ಎಂದಿದ್ದಾಳೆ. ಇಂಗ್ಲಿಷಿನಲ್ಲಿ ಬರೆದವರ ಮನಸ್ಸಿನಲ್ಲಿದ್ದದ್ದು ಇಪ್ಪತ್ತು ಮೂವತ್ತು ಗೆಳೆಯರು ಸೇರುವ ಪಾರ್ಟಿ ಇರಬೇಕು. ಧರ್ಮಸ್ಥಳದವರಿಗೆ ಜನಜಂಗುಳಿ ಎಂದರೆ ಕಾರ್ತಿಕದ ಲಕ್ಷದೀಪೋತ್ಸವ. ನೇತ್ರಾವತಿ ಸ್ನಾನಘಟ್ಟದ ಕಡೆಯಿಂದಲೇ ವಾಹನಗಳ ಸಾಲು, ಮಕ್ಕಳ ಕೈ ಗಟ್ಟಿ ಹಿಡಿದುಕೊಂಡ ತಾಯಂದಿರು. ಅದನ್ನು ನೆನೆದು ‘ಒಪ್ಪುವುದಿಲ್ಲ’ ಎಂದವಳು ಅಂತರ್ಮುಖಿ ಹೇಗಾದಾಳು? ಇನ್ನೊಂದು ವಾಕ್ಯ ನೋಡಿ: ‘ಚಿಂತೆ ಮಾಡದೇ ಇರಲು ನನಗೆ ಸಾಧ್ಯವಾಗದೇ ಇರುವುದು ಅಪರೂಪವಲ್ಲ.’ ನಾನು ಮೂರು ಸಲ ಓದಿದೆ. ಒತ್ತಡ ತಾಳುವ ಶಕ್ತಿಯನ್ನು ಇಂಥ ವಾಕ್ಯದಿಂದ ಅಳೆದಿದ್ದಾರೆ!

ಪರೀಕ್ಷೆಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವುದು ಪದ ಬದಲಿಸುವಷ್ಟು ಸುಲಭವಲ್ಲ. ವಿ. ವಿ. ಕಾಮತರು 1930ರ ದಶಕದಲ್ಲಿ ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದಾಗ ಇಲ್ಲಿನ ಮಕ್ಕಳ ಮೇಲೆಯೇ ಪ್ರಯೋಗಿಸಿ, ಯಾವ ವಯಸ್ಸಿಗೆ ಎಷ್ಟು ಎಂಬುದನ್ನು ಇಲ್ಲಿನ ಲೆಕ್ಕದಿಂದಲೇ ಗೊತ್ತು ಮಾಡಿದರು. ಬಿನೆ-ಕಾಮತ್ ಪರೀಕ್ಷೆ ಇಷ್ಟು ಕಾಲ ಬಳಕೆಯಲ್ಲಿ ಉಳಿದದ್ದು ಆ ದುಡಿಮೆಯಿಂದ. ಹಾಗಾಗಿ ಏಜೆನ್ಸಿಯವರಿಗೆ ಫೋನ್ ಮಾಡಿ ಮೊದಲು ಇದನ್ನೇ ಕೇಳಿ: ‘ಕಡಿಮೆ’ ಎಂದಿರಲ್ಲ, ಯಾರಿಗೆ ಹೋಲಿಸಿ ಕಡಿಮೆ? ಬೆಂಗಳೂರಿನ ಐಟಿ ನೌಕರರಿಗೋ, ಬೇರೆ ದೇಶದವರಿಗೋ, ಮನೆಯಲ್ಲಿ ತುಳು ಮಾತಾಡಿ ಕಚೇರಿಯಲ್ಲಿ ಕನ್ನಡ ಬರೆಯುವ ನಮ್ಮೂರಿನವರಿಗೋ? ಇದೇ ಜನರಿಗೆ ತಿಂಗಳು ಬಿಟ್ಟು ಮತ್ತೆ ಕೊಟ್ಟರೆ ಅಂಕ ಹೆಚ್ಚುಕಡಿಮೆ ಅದೇ ಬರುತ್ತದೆಯೇ ಎಂದು ಕೇಳಿ. ಬ್ಯಾಂಕಿಂಗ್ ಕೆಲಸದಲ್ಲಿ ಈ ಅಂಕ ಹೆಚ್ಚಿದ್ದವರು ನಿಜವಾಗಿಯೂ ಚೆನ್ನಾಗಿ ದುಡಿದಿದ್ದಾರೆ ಎಂಬುದಕ್ಕೆ ಪುರಾವೆ ಕೇಳಿ. ಒಳ್ಳೆಯ ಪರೀಕ್ಷೆಗೆ ಇವೆಲ್ಲ ಬರೆದಿಟ್ಟ ಕೈಪಿಡಿ ಇರುತ್ತದೆ. ಕೈಪಿಡಿ ಕೊಡದೆ ‘ನಮ್ಮ ಸಾಫ್ಟ್‌ವೇರ್ ಗುಟ್ಟು’ ಎಂದರೆ ಅಲ್ಲಿಗೆ ಮಾತು ಮುಗಿಸಿ.

ವರದಿಯ ತಲೆಯಲ್ಲಿ ನಾಲ್ಕು ಅಕ್ಷರದ ಗುರುತೊಂದಿದೆ, ಮೈಯರ್ಸ್-ಬ್ರಿಗ್ಸ್ ಮಾದರಿಯದು. ಮನಶ್ಶಾಸ್ತ್ರಜ್ಞ ಯೂಂಗ್ 1921ರಲ್ಲಿ ಬರೆದ ಪುಸ್ತಕವನ್ನು ಆಧರಿಸಿ ಅಮೆರಿಕದ ತಾಯಿ ಮಗಳು ಕಟ್ಟಿದ ಪದ್ಧತಿ ಅದು. ಮನುಷ್ಯರನ್ನು 16 ಬಗೆಯಾಗಿ ವಿಂಗಡಿಸುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದಾಗ ಬಹಳ ಜನರ ‘ಬಗೆ’ಯೇ ಬದಲಾಗಿಬಿಡುತ್ತದೆ. ನೇಮಕಾತಿಗೆ ಇದನ್ನು ಬಳಸಬಾರದು ಎಂದು ಅದರ ಪ್ರಕಾಶಕರೇ ಹೇಳುತ್ತಾರೆ. ಇದಕ್ಕಿಂತ ಗಟ್ಟಿ ತಳಹದಿಯ ಪ್ರಶ್ನಾವಳಿಗಳು ಇಲ್ಲವೆಂದಲ್ಲ. ಐದು ಗುಣಗಳನ್ನು ಅಳೆಯುವ ಮಾದರಿಯಲ್ಲಿ ಕರ್ತವ್ಯನಿಷ್ಠೆ ಎಂಬ ಗುಣಕ್ಕೂ ಕೆಲಸದ ಗುಣಮಟ್ಟಕ್ಕೂ ನಂಟಿದೆ ಎಂದು 1991ರಲ್ಲಿ ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದರು. ಆ ನಂಟಿನ ಬಲ ಸುಮಾರು 0.2. ಕೆಲಸಗಾರರ ನಡುವಿನ ವ್ಯತ್ಯಾಸದಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಮಾತ್ರ ಅದು ವಿವರಿಸುತ್ತದೆ. ಉಳಿದ 96 ಪಾಲು? ಅದರಲ್ಲಿ ಎಷ್ಟೋ ನಿಮ್ಮ ಕಣ್ಣ ಮುಂದೆಯೇ ಎಂಟು ವರ್ಷ ನಡೆದಿದೆ.

ನಿರ್ದೇಶಕರು ‘ಆದರೂ ವರದಿ ಎಷ್ಟು ಸರಿಯಾಗಿದೆ ನೋಡಿ’ ಎನ್ನಬಹುದು. 1948ರಲ್ಲಿ ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರಜ್ಞರು 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಒಬ್ಬೊಬ್ಬರಿಗೂ ‘ನಿಮ್ಮ ವ್ಯಕ್ತಿತ್ವ’ ಎಂಬ ಚೀಟಿ ಹಂಚಿದರು. ತಮ್ಮ ಚೀಟಿ ಎಷ್ಟು ನಿಜ ಎಂಬುದಕ್ಕೆ ಅವರು ಐದರಲ್ಲಿ ಸರಾಸರಿ 4.26 ಅಂಕ ಕೊಟ್ಟರು. ಆದರೆ ಎಲ್ಲರ ಚೀಟಿಯೂ ಒಂದೇ, ಜ್ಯೋತಿಷ್ಯದ ಪುಸ್ತಕದಿಂದ ಆಯ್ದ ಸಾಲುಗಳು. ಹುಡುಗಿಯ ವರದಿಯ ಕೊನೆಯ ಪುಟವನ್ನು ಹೆಸರು ತೆಗೆದು ನಿರ್ದೇಶಕರಿಗೆ ಓದಿ ಹೇಳಿ. ಎಷ್ಟು ಜನ ತಮ್ಮದೇ ಎನ್ನುತ್ತಾರೋ ನೋಡಿ.

ಇಂಥ ಸಾಧನಗಳ ಬಗ್ಗೆ ನನಗೆ ದ್ವೇಷವಿಲ್ಲ. ಉಜಿರೆಯಲ್ಲಿ 1982ರಿಂದ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಯಿದೆ. ನಿಮ್ಮ ಸದಸ್ಯರಲ್ಲೇ ಹಲವರು ಅಲ್ಲಿ ಕಲಿತವರಿರಬಹುದು. ಇಂಥ ತರಬೇತಿಗಳಲ್ಲಿ ರಿಂಗ್ ಎಸೆಯುವ ಆಟವೊಂದನ್ನು ಆಡಿಸುತ್ತಾರೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ನಾಲ್ಕಾರು ಬಳೆ. ಎಷ್ಟು ದೂರದಿಂದ ಎಸೆಯಬೇಕು ಎಂಬುದು ಆಡುವವರ ಆಯ್ಕೆ. ಗೂಟದ ಬುಡದಲ್ಲೇ ನಿಂತು ಹಾಕುವವರಿದ್ದಾರೆ, ಅಂಗಳದ ತುದಿಯಿಂದ ಎಸೆದು ತಪ್ಪುವವರಿದ್ದಾರೆ, ಮೊದಲು ತಪ್ಪಿ ಎರಡು ಹೆಜ್ಜೆ ಮುಂದೆ ಬರುವವರೂ ಇದ್ದಾರೆ. ಆಮೇಲೆ ಕೂತು ಮಾತಾಡುತ್ತಾರೆ: ನೀನು ಅಲ್ಲೇ ಯಾಕೆ ನಿಂತೆ? ಇದರ ಹಿಂದಿರುವುದು 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಉದ್ಯಮಿಗಳಿಗೆ ತರಬೇತಿ ಕೊಡಿಸಿದ ಮನಶ್ಶಾಸ್ತ್ರಜ್ಞ ಮೆಕ್‌ಲೆಲಂಡರ ಚಿಂತನೆ. ಅಲ್ಲಿ ಆಟ ಮುಗಿದ ಮೇಲೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. ತನ್ನನ್ನು ತಾನು ನೋಡಿಕೊಳ್ಳಲು ಒಂದು ಕನ್ನಡಿ ಕೊಡುತ್ತಾರೆ. ಅದೇ ಕನ್ನಡಿಯನ್ನು ನಾವು ತಕ್ಕಡಿ ಮಾಡಿಕೊಂಡಾಗ ಹೀಗೆ ಒಬ್ಬಳ ಬದುಕಿಗೆ ಪೆಟ್ಟು ಬೀಳುತ್ತದೆ.

ಹಾಗಾದರೆ ಆಯ್ಕೆ ಹೇಗೆ? ಮೂವರಿಗೂ ಶಾಖೆಯ ಕೆಲಸದ ಒಂದು ತುಂಡನ್ನೇ ಕೊಡಿ. ಅಡಿಕೆಗೆ ಕೊಳೆರೋಗ ಬಂದು ಮೂರು ಕಂತು ಬಾಕಿಯಾದ ಸದಸ್ಯ ಎದುರಿಗೆ ಕೂತಿದ್ದಾನೆ, ಏನು ಹೇಳುತ್ತೀರಿ? ಸಂಜೆ ಕ್ಯಾಶ್ 500 ರೂಪಾಯಿ ಕಡಿಮೆ ಬಂದಿದೆ, ಕ್ಯಾಶಿಯರ್ ಅಳುತ್ತಿದ್ದಾರೆ, ಮೊದಲು ಏನು ಮಾಡುತ್ತೀರಿ? ಮೂವರಿಗೂ ಅದೇ ಪ್ರಶ್ನೆ, ಅದೇ ಕ್ರಮ. ಕೇಳುವ ಮೂವರು ನಿರ್ದೇಶಕರು ಪರಸ್ಪರ ಮಾತಾಡದೆ ಬೇರೆ ಬೇರೆ ಅಂಕ ಬರೆಯಲಿ. ಒಳ್ಳೆಯ ಉತ್ತರ ಹೇಗಿರಬೇಕೆಂದು ಮೊದಲೇ ಬರೆದಿಟ್ಟುಕೊಳ್ಳಿ. ನಿಮ್ಮ ಕಣ್ಣನ್ನೂ ಪೂರ್ತಿ ನಂಬಬೇಡಿ. ಎಂಟು ವರ್ಷದ ಪ್ರೀತಿಯೂ ತೂಕ ತಪ್ಪಿಸುತ್ತದೆ. ಅವಳಿಗೆ ಹುದ್ದೆ ಸಿಗದೆಯೂ ಇರಬಹುದು. ಸಿಗದಿದ್ದರೆ ಯಾಕೆ ಎಂದು ಹೇಳಲು ನಿಮ್ಮಲ್ಲಿ ಸರಿಯಾದ ಕಾರಣವಿರುತ್ತದೆ.

ಈ ವಾರ ಇನ್ನೊಂದು ಕೆಲಸ. ಏಜೆನ್ಸಿಗೆ ಪತ್ರ ಬರೆದು ಮೂವರ ಉತ್ತರಗಳನ್ನೂ ಅಳಿಸಲು ಹೇಳಿ, ಅಳಿಸಿದ್ದಕ್ಕೆ ಲಿಖಿತ ಉತ್ತರ ತರಿಸಿ. ಹುಡುಗಿಯ ಸರ್ವಿಸ್ ಫೈಲಿನಿಂದ ಆ ವರದಿಯನ್ನು ತೆಗೆಯಿರಿ, ನಿಮ್ಮ ನಂತರ ಬರುವವರು ಅದನ್ನು ಓದುವುದು ಬೇಡ. ಆಮೇಲೆ ಮೂವರನ್ನೂ ಒಟ್ಟಿಗೆ ಕೂರಿಸಿ, ಈ ಪರೀಕ್ಷೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದು ನೀವೇ ಹೇಳಿ. ಅವಳೊಬ್ಬಳನ್ನೇ ಒಳಗೆ ಕರೆದು ಹೇಳಬೇಡಿ.