ಮನೆಯಲ್ಲಿ ಚಿಕ್ಕ ಗಿಣಿಯ ಜೋಪಾಸನೆ

ಅಜ್ಜಿ ಹೇಳುವ ಕಥೆಯಲ್ಲಿ ಏಳು ಸಮುದ್ರಗಳ ಆಚೆಗೆ, ಪಂಜರದೊಳಗಿನ ಗಿಣಿಯೊಂದರಲ್ಲಿ ರಾಕ್ಷಸನ ಪ್ರಾಣವಿರುವದನ್ನು ನಾವೆಲ್ಲರೂ ಕೇಳಿದವರೇ. ಗಿಣಿಯ ಕಾಲು ಮುರಿದರೆ ಅತ್ತ ರಾಕ್ಷಸನು ಕುಂಟುವನು. ಕುತ್ತಿಗೆ ತಿರುವಿದರೆ ಅವನು ಸತ್ತು ಬೀಳುವನು. ಆದರೆ ರಾಕ್ಷಸನು ಊರುಗಳನ್ನು ಹಾಳುಮಾಡಲು ಹೋದಾಗ ಆ ಗಿಣಿಗೆ ಕಾಳು ಹಾಕುವವರು ಯಾರು, ನೀರು ಬದಲಿಸುವವರು ಯಾರು ಎಂದು ನಮ್ಮಲ್ಲಿ ಯಾವ ಹುಡುಗಿಯೂ ಕೇಳಲಿಲ್ಲ. ಪಂಜರದಲ್ಲಿದ್ದ ಮೇಲೆ ಗಿಣಿಯು ಬದುಕಿಯೇ ಇರುವದೆಂದು ತಿಳಿದೆವು. ಇದೇ ತಿಳುವಳಿಕೆಯನ್ನು ಇಟ್ಟುಕೊಂಡು ನಿಜವಾದ ಪಕ್ಷಿಯನ್ನು ಮನೆಗೆ ತರುವದರಿಂದ ಎಷ್ಟೋ ಚಿಕ್ಕ ಜೀವಗಳು ಅಕಾಲದಲ್ಲಿ ಹೋಗುತ್ತವೆ. ಅವುಗಳಲ್ಲಿ ಒಂದು ನಮ್ಮ ಕೈಯಿಂದಲೇ ಹೋಯಿತು. ಆ ಸಂಗತಿಯನ್ನು ಮುಂದೆ ಹೇಳುವೆವು. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಬಣ್ಣದ ಗಿಣಿ ಬೇಕೆಂದು ಅವರ ಮಕ್ಕಳು ಹಟ ಹಿಡಿದಾಗ ಈ ನಾಲ್ಕು ಮಾತುಗಳು ಉಪಯೋಗಕ್ಕೆ ಬಂದಾವೆಂದು ಬರೆಯುತ್ತಿದ್ದೇವೆ.

ಮೊದಲು ಯಾವ ಗಿಣಿಯನ್ನು ಸಾಕಬಹುದೆಂಬದನ್ನು ತಿಳಿಯತಕ್ಕದ್ದು. ಹಿಂದೆ ಸಂಪಗಾಂವ ತಾಲೂಕೆಂದು ಕರೆಯಲ್ಪಡುತ್ತಿದ್ದ ಬೈಲಹೊಂಗಲ ಕಿತ್ತೂರುಗಳ ಸೀಮೆಯಲ್ಲಿಯೂ ನೆರೆಯ ಸವದತ್ತಿ ರಾಮದುರ್ಗಗಳಲ್ಲಿಯೂ, ಜೋಳದ ತೆನೆ ಹಾಲುಗಟ್ಟುವ ಕಾಲಕ್ಕೆ ಹಿಂಡಾಗಿ ಇಳಿಯುವ ಹಸಿರು ಗಿಣಿಯನ್ನು ಅರಿಯದವರಿಲ್ಲ. ಗಂಡಿನ ಕೊರಳಿಗೆ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿ ಇರುತ್ತದೆ. ಹೊಲ ಕಾಯುವವರು ಕವಣೆ ಬೀಸಿ ಓಡಿಸುವದು ಇದನ್ನೇ. ಗಿಣಿಶಾಸ್ತ್ರ ಹೇಳುವವನ ಮುಂದೆ ಚೀಟಿ ಎತ್ತುವದೂ ಇದೇ. ಇದನ್ನು ಮನೆಗೆ ತರಕೂಡದು. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಪ್ರಕಾರ ನಮ್ಮ ನಾಡಿನ ಕಾಡುಗಿಣಿಗಳನ್ನು ಹಿಡಿಯುವದು, ಮಾರುವದು, ಪಂಜರದಲ್ಲಿಡುವದು ಅಪರಾಧವಾಗಿದೆ. ಕಾಯಿದೆಗಿಂತ ಎಷ್ಟೋ ಮೊದಲು ನಮ್ಮ ಕಾವ್ಯವು ಈ ನೋವನ್ನು ಕಂಡಿತ್ತು. ಬಾಣಭಟ್ಟನ ಕಾದಂಬರಿಯನ್ನು ನಾಗವರ್ಮನು ಕನ್ನಡಕ್ಕೆ ತಂದದ್ದನ್ನು ವಿದ್ಯಾರ್ಥಿನಿಯರು ಬಲ್ಲರು. ಅದರಲ್ಲಿ ವೈಶಂಪಾಯನನೆಂಬ ಗಿಣಿಯು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಮುದಿ ಬೇಡನೊಬ್ಬನು ಬೂರುಗದ ಮರವನ್ನೇರಿ ಪೊಟರೆಗಳಿಂದ ಗಿಣಿಗಳನ್ನು ಕಿತ್ತು ಕೊಂದು ನೆಲಕ್ಕೆಸೆಯುತ್ತಿರಲು, ಇದರ ವೃದ್ಧ ತಂದೆಯು ಮರಿಯನ್ನು ರೆಕ್ಕೆಯಲ್ಲಿ ಮುಚ್ಚಿಕೊಂಡೇ ಸಾಯುತ್ತದೆ. ಇಂದಿಗೂ ಕದ್ದು ಮಾರುವ ಪ್ರತಿಯೊಂದು ಹಸಿರು ಮರಿಯ ಹಿಂದೆ ಅಂಥದೇ ಒಂದು ಮರವಿರುತ್ತದೆ. ಕಿತ್ತೂರಿನ ರಾಣಿ ಚನ್ನಮ್ಮನವರು ಸೆರೆಯಲ್ಲಿದ್ದು 1829ರಲ್ಲಿ ದೇಹವಿಟ್ಟದ್ದು ಬೈಲಹೊಂಗಲದ ಕೋಟೆಯಲ್ಲಿ. ಸೆರೆಯೆಂದರೇನೆಂಬದನ್ನು ಈ ಸೀಮೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಾಕಬಹುದಾದದ್ದು ಬಜರಿಗರ್ ಎಂಬ ಚಿಕ್ಕ ಗಿಣಿ. ಪೇಟೆಯಲ್ಲಿ ಇದನ್ನು ‘ಲವ್ ಬರ್ಡ್ಸ್’ ಎಂದು ಹೇಳಿ ಮಾರುವದುಂಟು, ಅದು ತಪ್ಪು. ನಿಜವಾದ ಲವ್ ಬರ್ಡ್ ಆಫ್ರಿಕಾ ಖಂಡದ ಮೋಟುಬಾಲದ ದಪ್ಪ ಪಕ್ಷಿ. ಬಜರಿಗರ್ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲುಗಳದು. ಕೊಕ್ಕಿನಿಂದ ಬಾಲದ ತುದಿಯ ವರೆಗೆ ಸುಮಾರು 18 ಸೆಂಟಿಮೀಟರ್ ಉದ್ದ, ತೂಕವು 30ರಿಂದ 40 ಗ್ರಾಂ ಮಾತ್ರ. ತನ್ನ ಸ್ವಂತ ದೇಶದಲ್ಲಿ ಇದು ಹಸಿರು ಹಳದಿಯ ಪಕ್ಷಿಯೇ. ನೀಲಿ, ಬಿಳಿ, ಬೂದು ಮೊದಲಾದ ಬಣ್ಣಗಳು ಮನುಷ್ಯರು ಸಾಕಿ ಬೆಳೆಸಿದ ಮೇಲೆ ಹೆಚ್ಚಿದವು. ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು 1840ರಲ್ಲಿ ಇವುಗಳನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದನು. ಅಂದಿನಿಂದ ತಲೆತಲಾಂತರವಾಗಿ ಇವು ಸಾಕಣೆಯಲ್ಲಿಯೇ ಹುಟ್ಟುತ್ತ ಬಂದಿವೆ. ಕೊಕ್ಕಿನ ಮೇಲೆ ಮೂಗಿನ ಹೊಳ್ಳೆಗಳಿರುವ ಚರ್ಮವು ಬೆಳೆದ ಗಂಡಿಗೆ ಸಾಧಾರಣವಾಗಿ ನೀಲಿ, ಹೆಣ್ಣಿಗೆ ಕಂದು. ಬಿಳಿ ಹಳದಿ ಪಕ್ಷಿಗಳಲ್ಲಿ ಈ ಗುರುತು ಕೆಲವೊಮ್ಮೆ ಮೋಸಗೊಳಿಸುತ್ತದೆ.

ಇನ್ನು ನಮ್ಮ ತಪ್ಪಿನ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಒಂದು ನೀಲಿ ಪಕ್ಷಿ ಬಂತು. ಮನೆಯವರೆಲ್ಲರಿಗೂ ಅದರ ಮೇಲೆ ಜೀವ. ಒಂದು ಮದುವೆಯ ಸಲುವಾಗಿ ಮೂರು ದಿವಸ ಪರಊರಿಗೆ ಹೋಗುವ ಪ್ರಸಂಗ ಬರಲು, ಬಟ್ಟಲ ತುಂಬ ನವಣೆಯನ್ನು ಹಾಕಿ, ನೆರೆಮನೆಯ ಹುಡುಗಿಗೆ ನೋಡಿಕೊಳ್ಳಲು ಹೇಳಿ ಹೋದೆವು. ಅವಳು ದಿನಾಲು ತಪ್ಪದೆ ಬಂದಳು, ನೀರನ್ನು ಬದಲಿಸಿದಳು. ಕಾಳಿನ ಬಟ್ಟಲು ತುಂಬಿಯೇ ಕಾಣುತ್ತಿದ್ದುದರಿಂದ ಮತ್ತೆ ಹಾಕಲಿಲ್ಲ. ನಾವು ತಿರುಗಿ ಬಂದಾಗ ಪಕ್ಷಿಯು ಪಂಜರದ ತಳದಲ್ಲಿ ಬಿದ್ದಿತ್ತು. ಬಟ್ಟಲು ಇನ್ನೂ ತುಂಬಿತ್ತು. ಅದನ್ನು ಅಂಗೈಗೆ ಸುರುವಿಕೊಂಡು ಊದಿದೆವು, ಎಲ್ಲವೂ ಹಾರಿಹೋಯಿತು. ಒಂದು ಕಾಳೂ ಉಳಿಯಲಿಲ್ಲ.

ಈ ಪಕ್ಷಿಯು ಕಾಳನ್ನು ಹಾಗೆಯೇ ನುಂಗುವದಿಲ್ಲ. ಕೊಕ್ಕಿನಲ್ಲಿ ತಿರುಗಿಸಿ ಸಿಪ್ಪೆಯನ್ನು ಸುಲಿದು ತಿರುಳನ್ನು ತಿಂದು, ಸಿಪ್ಪೆಯನ್ನು ಅದೇ ಬಟ್ಟಲಿನಲ್ಲಿ ಬಿಡುತ್ತದೆ. ಹೊಟ್ಟು ಮೇಲೆ ಕೂಡುತ್ತ ಹೋಗಿ, ನೋಡುವವರಿಗೆ ಬಟ್ಟಲು ತುಂಬಿದಂತೆಯೇ ತೋರುವದು. ಇಷ್ಟು ಚಿಕ್ಕ ದೇಹದಲ್ಲಿ ಕೂಡಿಟ್ಟ ಶಕ್ತಿ ಬಹಳವಿರುವದಿಲ್ಲವಾದ್ದರಿಂದ ಒಂದೆರಡು ದಿವಸಗಳ ಉಪವಾಸವೇ ಪ್ರಾಣಕ್ಕೆ ಬರುತ್ತದೆ. ಹುಡುಗಿಯದು ಏನೂ ತಪ್ಪಿರಲಿಲ್ಲ. ನಾವು ಹೇಳಿಕೊಟ್ಟಿರಲಿಲ್ಲ, ನಮಗೇ ತಿಳಿದಿರಲಿಲ್ಲ. ಮೊರ ಹಿಡಿದು ಜೋಳ ಕೇರಿ ಬೆಳೆದವರು ನಾವು. ಹೊಟ್ಟಾವುದು ಕಾಳಾವುದು ಎಂದು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಆ ಬಟ್ಟಲಿನ ಮುಂದೆ ನಮ್ಮ ಬುದ್ಧಿ ಓಡಲಿಲ್ಲ. ಆದುದರಿಂದ ದಿನಾಲು ಬೆಳಿಗ್ಗೆ ಹಳೆಯ ಬಟ್ಟಲನ್ನು ತೆಗೆದು ಊದಿ, ಉಳಿದ ಕಾಳೆಷ್ಟೆಂಬದನ್ನು ಕಣ್ಣಾರೆ ಕಂಡು, ಹೊಸದನ್ನು ಹಾಕತಕ್ಕದ್ದು. ಒಂದು ಪಕ್ಷಿಗೆ ದಿನಕ್ಕೆ ಸುಮಾರು ಎರಡು ಸಣ್ಣ ಚಮಚ ಕಾಳು ಸಾಕು. ಎಷ್ಟು ತಿಂದಿತೆಂಬ ಲೆಕ್ಕವೂ ಇದರಿಂದಲೇ ಸಿಗುವದು; ಆ ಲೆಕ್ಕದ ಬೆಲೆ ಕಾಯಿಲೆಯ ಕಾಲದಲ್ಲಿ ತಿಳಿಯುವದು.

ಆಹಾರದ ವಿಷಯದಲ್ಲಿ ನಮ್ಮ ಸೀಮೆಯವರು ಭಾಗ್ಯವಂತರು. ದೂರದೇಶದ ಈ ಪಕ್ಷಿಗೆ ಬೇಕಾದ ನವಣೆ, ಸಾವೆ, ಬರಗು, ಸಜ್ಜೆಗಳು ನಮ್ಮ ಸಂತೆಯಲ್ಲಿಯೇ ದೊರೆಯುತ್ತವೆ. ನವಣೆಯ ಇಡೀ ತೆನೆಯನ್ನು ಪಂಜರದಲ್ಲಿ ಕಟ್ಟಿದರೆ ಅದಕ್ಕೆ ಹಬ್ಬ. ಆದರೆ ಬರಿಯ ಕಾಳಿನ ಮೇಲೆ ಬೆಳೆದ ಪಕ್ಷಿಗೆ ‘ಎ’ ಜೀವಸತ್ವವೂ ಅಯೋಡೀನೂ ಸಾಲದೆ ಹೋಗುತ್ತವೆ. ಅಯೋಡೀನಿನ ಕೊರತೆಯಿಂದ ಮನುಷ್ಯರಿಗಾಗುವಂತೆ ಇವಕ್ಕೂ ಗಳಗಂಡವಾಗಿ ಉಸಿರಾಟ ಕಷ್ಟವಾಗುವದು. ಆದ್ದರಿಂದ ಕೊತ್ತಂಬರಿ, ಮೆಂತ್ಯ, ನುಗ್ಗೆಯ ಎಲೆ, ತುರಿದ ಗಜ್ಜರಿ ಇವುಗಳಲ್ಲಿ ಯಾವದಾದರೊಂದನ್ನು ಚೆನ್ನಾಗಿ ತೊಳೆದು ದಿನಾಲು ಕೊಡಬೇಕು. ಮೊದಮೊದಲು ಮುಟ್ಟದಿದ್ದರೆ ಬೇಸರಪಡಬಾರದು. ಹೊಸ ತಿನಿಸನ್ನು ಒಪ್ಪಲು ಕೆಲವು ಪಕ್ಷಿಗಳು ವಾರಗಳನ್ನೇ ತೆಗೆದುಕೊಳ್ಳುತ್ತವೆ. ಕೊತ್ತಂಬರಿಯನ್ನು ನೀರು ಸೋರುವಂತೆಯೇ ಇಟ್ಟರೆ ಅದರಲ್ಲಿ ಹೊರಳಾಡಿ ಸ್ನಾನವನ್ನೂ ಮುಗಿಸುವವು! ಸುಣ್ಣದ ಅಂಶಕ್ಕಾಗಿ ಗ್ರಂಥಿಗೆಯ ಅಂಗಡಿಯಲ್ಲಿ ಸಿಗುವ ಸಮುದ್ರಫೇನದ ತುಂಡನ್ನು ಕಡ್ಡಿಗಳ ನಡುವೆ ಸಿಕ್ಕಿಸತಕ್ಕದ್ದು. ಬೆಣ್ಣೆಹಣ್ಣು, ಚಾಕಲೇಟು, ಚಹಾ, ಉಳ್ಳಾಗಡ್ಡಿ, ಉಪ್ಪು ಹಾಕಿದ ತಿನಿಸು ಇವುಗಳನ್ನು ಎಂದಿಗೂ ಕೊಡಕೂಡದು. ಬೆಣ್ಣೆಹಣ್ಣಂತೂ ವಿಷವೇ ಸರಿ. ಮುಂಗಾರಿನಲ್ಲಿ ಬೂಷ್ಟು ಹಿಡಿದ ಕಾಳನ್ನು ತೊಳೆದು ಒಣಗಿಸಿ ಹಾಕುವ ಮಿತವ್ಯಯವು ಇಲ್ಲಿ ನಡೆಯದು. ಅದನ್ನು ಎಸೆಯುವದೇ ಲೇಸು.

ಪಂಜರವು ಎತ್ತರಕ್ಕಿಂತ ಅಗಲವಾಗಿರಬೇಕು, ಯಾಕಂದರೆ ಪಕ್ಷಿಯು ಅಡ್ಡಕ್ಕೆ ಹಾರುತ್ತದೆ, ಬಾವಿಯ ಕೊಡದಂತೆ ಮೇಲಕ್ಕೂ ಕೆಳಕ್ಕೂ ಅಲ್ಲ. ದುಂಡು ಪಂಜರವು ನೋಟಕ್ಕೆ ಮಾತ್ರ ಚೆಲುವು. ಕಡ್ಡಿಗಳ ನಡುವೆ ಅರ್ಧ ಅಂಗುಲಕ್ಕಿಂತ ಹೆಚ್ಚು ಸಂದಿ ಇದ್ದರೆ ತಲೆ ಸಿಕ್ಕಿಕೊಳ್ಳುವ ಭಯವುಂಟು. ಕೂಡ್ರಲು ಒಂದೇ ದಪ್ಪದ ನಯವಾದ ಕೋಲನ್ನು ಹಾಕದೆ, ಬೇವಿನ ಇಲ್ಲವೆ ಪೇರಲದ ಕೊಂಬೆಗಳನ್ನು ತೊಗಟೆಯೊಡನೆ ಕಟ್ಟಬೇಕು. ದಪ್ಪ ತೆಳುವು ಬೇರೆಬೇರೆಯಾದರೆ ಪಾದಗಳಿಗೆ ಹುಣ್ಣಾಗುವದಿಲ್ಲ, ತೊಗಟೆ ಕಡಿಯುವ ಕೆಲಸವೂ ದೊರೆಯುತ್ತದೆ. ರಾಮದುರ್ಗದ ಕಡೆಯ ಬಿಸಿಲಿನಲ್ಲಿ ನೆರಳೂ ತಣ್ಣೀರೂ ಮುಖ್ಯ. ಕಿತ್ತೂರಿನ ಕಡೆಯ ಮಳೆಗಾಲದಲ್ಲಿ ಹಸಿಗಾಳಿ ಬಡಿಯದ ಗೋಡೆ ಮುಖ್ಯ. ರಾತ್ರಿ ಹತ್ತು ಹನ್ನೆರಡು ತಾಸು ಕತ್ತಲೆಯ ನಿದ್ರೆ ಬೇಕು. ಟೆಲಿವಿಜನ್ನಿನ ಎದುರಿಗೆ ಪಂಜರವನ್ನು ತೂಗಹಾಕಿ ನಡುರಾತ್ರಿಯ ವರೆಗೆ ಎಚ್ಚರವಿಡುವದು ಕ್ರೂರತನ.

ಅಡಿಗೆಮನೆಯಲ್ಲಿ ಮಾತ್ರ ಎಂದಿಗೂ ಇಡಕೂಡದು. ಪಕ್ಷಿಗಳ ಉಸಿರಿನ ಅಂಗಗಳು ನಮ್ಮವುಗಳಿಗಿಂತ ಬಹು ಚುರುಕು. ಗಾಳಿಯೊಡನೆ ವಿಷವನ್ನೂ ಬೇಗನೆ ಹೀರಿಕೊಳ್ಳುತ್ತವೆ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ವಿಷವಾಯುವನ್ನು ತಿಳಿಯಲು ಚಿಕ್ಕ ಪಕ್ಷಿಗಳನ್ನು ಒಯ್ಯುವ ಪದ್ಧತಿಯು 1986ರ ವರೆಗೆ ಇದ್ದಿತು. ಪಕ್ಷಿ ಒರಗಿದರೆ ಕೆಲಸಗಾರರು ಹೊರಗೆ ಓಡುತ್ತಿದ್ದರು. ಜೋಳದ ರೊಟ್ಟಿಯ ಕಬ್ಬಿಣದ ಹಂಚು ಹೊಗೆಯನ್ನಷ್ಟೇ ಕೊಡುವದು. ಆದರೆ ನಾನ್‌ಸ್ಟಿಕ್ ಬಾಣಲೆಯು ಬರಿದಾಗಿ ಅತಿಯಾಗಿ ಕಾಯ್ದರೆ ಹೊರಡುವ ಕಣ್ಣಿಗೆ ಕಾಣದ ಆವಿಯಿಂದ, ನಮಗೆ ವಾಸನೆ ತಿಳಿಯುವಷ್ಟರಲ್ಲಿ ಪಕ್ಷಿಯು ಸಾಯಬಹುದು. ಸೊಳ್ಳೆಬತ್ತಿ, ಊದಿನಕಡ್ಡಿ, ತಂಬಾಕಿನ ಹೊಗೆಗಳನ್ನೂ ದೂರವಿಡಬೇಕು.

ಮಾತಿನ ವಿಷಯವನ್ನು ಮಕ್ಕಳು ಮೊದಲು ಕೇಳುತ್ತಾರೆ. ನಾವು ಕಡೆಗೆ ಹೇಳುತ್ತೇವೆ. ಗಂಡು ಪಕ್ಷಿಯು ಚಿಕ್ಕಂದಿನಲ್ಲಿ ಜನರ ಸಹವಾಸವಿದ್ದರೆ ಮಾತುಗಳನ್ನು ಕಲಿಯಬಲ್ಲದು. ಕ್ಯಾಲಿಫೋರ್ನಿಯಾದಲ್ಲಿದ್ದು 1994ರಲ್ಲಿ ಸತ್ತ ಪಕ್ ಎಂಬ ಬಜರಿಗರ್ 1,728 ಶಬ್ದಗಳನ್ನು ಆಡುತ್ತಿತ್ತೆಂದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. ಆದರೆ ಮಾತಿನ ಆಸೆಗೆ ಒಂದೇ ಪಕ್ಷಿಯನ್ನು ಇಟ್ಟು, ಹಗಲೆಲ್ಲ ಶಾಲೆಗೂ ಕೆಲಸಕ್ಕೂ ಹೋಗುವ ಮನೆಯವರು ಅದಕ್ಕೆ ಒಂಟಿತನವನ್ನಷ್ಟೇ ಕಲಿಸುವರು. ಇವು ಸಾವಿರಗಟ್ಟಲೆ ಹಿಂಡಿನಲ್ಲಿ ಬಾಳುವ ಜಾತಿ. ಎರಡನ್ನು ಇಡುವದೇ ನ್ಯಾಯ. ಗಂಡುಹೆಣ್ಣಾದರೆ ಮರಿಗಳ ಭಯವೇ? ಗೂಡಿಗೆಂದು ಮಡಕೆಯನ್ನು ಕಟ್ಟದಿದ್ದರೆ ಅವು ಸಾಮಾನ್ಯವಾಗಿ ಮೊಟ್ಟೆಯಿಡುವದಿಲ್ಲ.

ಕಾಯಿಲೆಯನ್ನು ಈ ಪಕ್ಷಿಗಳು ಕೈಲಾದ ಮಟ್ಟಿಗೆ ಮುಚ್ಚಿಡುತ್ತವೆ. ಬಯಲಿನಲ್ಲಿ ದುರ್ಬಲವಾದದ್ದನ್ನು ಡೇಗೆ ಮೊದಲು ಎತ್ತುತ್ತದೆ. ಆದ್ದರಿಂದ ರೋಗವು ಹೊರಗೆ ಕಾಣುವ ಹೊತ್ತಿಗೆ ಬಹಳ ಮುಂದೆ ಹೋಗಿರುತ್ತದೆ. ಹಗಲಿನಲ್ಲಿ ಗರಿಯುಬ್ಬಿಸಿ ಕೂಡ್ರುವದು, ಉಸಿರಿಗೊಮ್ಮೆ ಬಾಲ ಕುಣಿಯುವದು, ತಳಕ್ಕಿಳಿದು ಕೂಡ್ರುವದು, ಹಿಕ್ಕೆಯು ನೀರಾಗುವದು, ಎದೆಯ ಎಲುಬು ಕತ್ತಿಯ ಅಂಚಿನಂತೆ ಕೈಗೆ ಹತ್ತುವದು, ಕೊಕ್ಕಿನ ಸುತ್ತ ಬಿಳಿ ಹುರುಪೆ ಏಳುವದು, ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣವೆನ್ನದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹುರುಪೆಯು ಸಣ್ಣ ನುಸಿಯಿಂದಾಗುವದು, ಔಷಧದಿಂದ ವಾಸಿಯಾಗುವದು. ಎಣ್ಣೆ ಅರಿಷಿಣಗಳಿಂದ ಕಾಲ ಕಳೆಯಬಾರದು. ಗಿಣಿಗಳಿಂದ ಮನುಷ್ಯರಿಗೆ ತಗಲುವ ಒಂದು ಜ್ವರವೂ ಉಂಟು. 1929–30ರಲ್ಲಿ ಅದು ಅನೇಕ ದೇಶಗಳಿಗೆ ಹಬ್ಬಿತ್ತು. ಪಂಜರವನ್ನು ಒಣದಾಗಿ ಗುಡಿಸಿ ಧೂಳೆಬ್ಬಿಸದೆ ಒದ್ದೆಮಾಡಿ ಒರೆಸಿ ಕೈ ತೊಳೆಯಬೇಕು. ಪಕ್ಷಿಯಿರುವ ಮನೆಯಲ್ಲಿ ಬಿಡದ ಜ್ವರವೂ ಕೆಮ್ಮೂ ಬಂದರೆ ಪಕ್ಷಿಯ ಸಂಗತಿಯನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಈಗ ನಮ್ಮಲ್ಲಿ ಎರಡು ಪಕ್ಷಿಗಳಿವೆ, ಒಂದು ಹಸಿರು, ಒಂದು ಹಳದಿ. ಕಳೆದ ಬೇಸಿಗೆಯಲ್ಲಿ ನೀರಿಡುವಾಗ ಹಸಿರಿನದು ಬಾಗಿಲಿನಿಂದ ಹಾರಿ ಅಂಗಳದ ಬೇವಿನ ತುದಿಗೆ ಕೂತಿತು. ಪುಣ್ಯವೆಂದು ಬಿಟ್ಟುಬಿಡಿರೆಂದು ನೆರೆಯವರೊಬ್ಬರು ಹೇಳಿದರು. ಇಲ್ಲಿಯ ಕಾಗೆ, ಬಿಜ್ಜುಗಳ ನಡುವೆ ಅದು ನಾಲ್ಕು ದಿವಸ ಬದುಕದೆಂಬದನ್ನು ಅವರು ಅರಿಯರು. ನಾವು ಏಣಿ ಹಾಕಲಿಲ್ಲ, ಕಲ್ಲೆಸೆಯಲಿಲ್ಲ. ಹಳದಿಯದಿದ್ದ ಪಂಜರವನ್ನು ಹೊರಗೆ ಬೇವಿನ ಕೆಳಗೆ ತೂಗಹಾಕಿ, ಅದರ ಮೇಲೆ ನವಣೆಯ ತೆನೆಯನ್ನು ಕಟ್ಟಿ, ಹುಡುಗರನ್ನೆಲ್ಲ ಒಳಗೆ ಕಳಿಸಿ ಕೂತೆವು. ಕೆಳಗಿನದು ಕೂಗುತ್ತಿತ್ತು, ಮೇಲಿನದು ಉತ್ತರ ಕೊಡುತ್ತಿತ್ತು. ಹೊತ್ತು ಮುಳುಗುವದಕ್ಕೆ ಸ್ವಲ್ಪ ಮೊದಲು ಅದು ಒಂದೊಂದೇ ಕೊಂಬೆ ಇಳಿದು ಬಂದು ಪಂಜರದ ಮೇಲೆ ಕೂತು ತೆನೆಯನ್ನು ಬಿಡಿಸತೊಡಗಿತು. ಮೇಲಿನಿಂದ ಒಂದು ತೆಳುವಾದ ಒಗ್ಗೆಬಟ್ಟೆಯನ್ನು ಹಾಕಿ ಹಿಡಿದೆವು. ಅಂದು ರಾತ್ರಿ ಬಟ್ಟಲನ್ನು ಎರಡು ಸಲ ಊದಿ ನೋಡಿದೆವು.